ಯಾರ ದೋಣಿಯಲ್ಲಿ ಹೋಗಿದ್ದಿರಿ

ಹುವಂದುಮಾಗೆ, ಫನದೂ ದ್ವೀಪ
9 ಫೆಬ್ರವರಿ 2014

ಕಾರ್ಯದರ್ಶಿಯವರಿಗೆ,
ಸೆರೆಮನೆ ಭೇಟಿ ಸಮಿತಿ, ಮಾಲೆ.

ಅಸ್ಸಲಾಂ ಅಲೈಕುಂ.

ನನ್ನ ಹೆಸರು ಝುಹೈರ್ ಮಾನಿಕು. ಈ ದ್ವೀಪದ ಶಾಲೆಯಲ್ಲಿ ಮೂವತ್ತೆಂಟು ವರ್ಷ ನಮ್ಮ ದಿವೇಹಿ ಭಾಷೆಯ ವ್ಯಾಕರಣ ಕಲಿಸಿ ನಿವೃತ್ತನಾದವನು. ನಿಮ್ಮ ಸಮಿತಿಯ ವಾರ್ಷಿಕ ವರದಿ ನಮ್ಮ ದ್ವೀಪದ ಕಚೇರಿಗೆ ಬಂದಿತ್ತು. ಕಿಟಕಿ ಬಡಿದುಕೊಳ್ಳದಿರಲಿ ಎಂದು ಅದನ್ನು ಅಲ್ಲಿ ಸಿಕ್ಕಿಸಿಟ್ಟಿದ್ದರು. ನಾನು ಕೇಳಿ ಪಡೆದು ಮನೆಗೆ ತಂದು ಎರಡು ಸಲ ಓದಿದೆ.

ಥುಂಡಿಹುರಾ ಸೆರೆಮನೆಗೆ ಏಳು ವರ್ಷಗಳಲ್ಲಿ ಹತ್ತೊಂಬತ್ತು ಭೇಟಿ. ಹತ್ತೊಂಬತ್ತರ ಮುಂದೂ ಒಂದೇ ಪದ: ತೃಪ್ತಿಕರ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಹತ್ತೊಂಬತ್ತು ಪರೀಕ್ಷೆಗಳಲ್ಲೂ ಒಂದೇ ಅಂಕ ತೆಗೆದಿದ್ದರೆ ನಾನು ಮೊದಲು ಅವನ ಪಕ್ಕ ಕೂತವನನ್ನು ಕರೆದು ವಿಚಾರಿಸುತ್ತಿದ್ದೆ.

ನಮ್ಮ ಸರ್ಕಾರ ಕೈದಿಗಳ ಮೇಲಿನ ಹಿಂಸೆ ತಡೆಯುವ ಜಿನೀವಾದ ಒಡಂಬಡಿಕೆಗೆ ಸಹಿ ಹಾಕಿದ ಸುದ್ದಿ ರೇಡಿಯೊದಲ್ಲಿ ಬಂದ ದಿನ ನನಗೆ ನೆನಪಿದೆ. ಇನ್ನು ಮುಂದೆ ಈ ದೇಶದಲ್ಲಿ ಒಂದು ಸಮಿತಿ ಇರುತ್ತದೆ, ಅದು ಯಾವ ಸೆರೆಮನೆಯ ಬಾಗಿಲನ್ನು ಯಾವ ಹೊತ್ತಿನಲ್ಲಾದರೂ, ಮೊದಲೇ ತಿಳಿಸದೆ ತಟ್ಟಬಹುದು ಎಂದರು. ಆ ದಿನ ನಾನು ಪಾಠ ಬಿಟ್ಟು ಮಕ್ಕಳಿಗೆ ಆ ವಾಕ್ಯವನ್ನೇ ಉಕ್ತಲೇಖನ ಕೊಟ್ಟೆ.

ನನ್ನದು ಒಂದೇ ಪ್ರಶ್ನೆ. ಥುಂಡಿಹುರಾದ ಸುತ್ತ ನೀರಿದೆ. ನೀವು ಯಾರ ದೋಣಿಯಲ್ಲಿ ಹೋಗಿದ್ದಿರಿ?

ಇದರಲ್ಲಿ ನನ್ನ ಸ್ವಂತದ್ದೇನೂ ಇಲ್ಲ. ಓದು ಬಲ್ಲ ಒಬ್ಬ ಪ್ರಜೆಯಾಗಿ ಕೇಳುತ್ತಿದ್ದೇನೆ. ಫೋನಿನಲ್ಲಿ ಆಡಿದ ಮಾತಿಗೆ ಆವಕ ಸಂಖ್ಯೆ ಬೀಳುವುದಿಲ್ಲ, ಆದ್ದರಿಂದ ಪತ್ರದಲ್ಲೇ ಉತ್ತರಿಸಬೇಕು.

ಝುಹೈರ್ ಮಾನಿಕು


ಮಾಲೆ
27 ಫೆಬ್ರವರಿ 2014

ಶ್ರೀ ಝುಹೈರ್ ಮಾನಿಕು ಅವರಿಗೆ,

ತಮ್ಮ ಪತ್ರ ಆವಕ ಸಂಖ್ಯೆ 114ರಲ್ಲಿ ದಾಖಲಾಗಿದೆ. ಸಮಿತಿಯ ಎಲ್ಲ ಭೇಟಿಗಳೂ ನಿಯಮ 9ರ ಪ್ರಕಾರ ಸೆರೆಮನೆ ಇಲಾಖೆ ಒದಗಿಸುವ ದೋಣಿಯಲ್ಲಿ ನಡೆಯುತ್ತವೆ. ಸಮಿತಿಯ ಕೆಲಸದಲ್ಲಿ ತಾವು ತೋರಿದ ಆಸಕ್ತಿಗೆ ಧನ್ಯವಾದಗಳು.

ಲುಬ್ನಾ ಸಯೀದ್
ಕಾರ್ಯದರ್ಶಿ


ಹುವಂದುಮಾಗೆ, ಫನದೂ
12 ಮಾರ್ಚ್ 2014

ಕಾರ್ಯದರ್ಶಿಯವರಿಗೆ,

ಧನ್ಯವಾದ ಬೇಡ. ನಿಮ್ಮ ಉತ್ತರದಿಂದ ಮೂರು ಪ್ರಶ್ನೆಗಳು ಹುಟ್ಟಿವೆ. ದೋಣಿ ಬೇಕೆಂದು ಇಲಾಖೆಗೆ ಎಷ್ಟು ದಿನ ಮೊದಲು ತಿಳಿಸುತ್ತೀರಿ? ಆ ಅರ್ಜಿಯಲ್ಲಿ ಹೋಗುವ ದ್ವೀಪದ ಹೆಸರು ಬರೆಯುತ್ತೀರಾ? ಅಲ್ಲಿ ಮಧ್ಯಾಹ್ನದ ಊಟ ಯಾರದು?

ಉತ್ತರ ನನಗೆ ಗೊತ್ತು. 1970ರಲ್ಲಿ ನನಗೆ ಇಪ್ಪತ್ತಮೂರು ವರ್ಷ. ಆಗ ಸೆರೆಮನೆಗಿಂತ ಗಡೀಪಾರು ಹೆಚ್ಚು. ಮಾಲೆಯಿಂದ ಹೊರದಬ್ಬಿದವರನ್ನು ನಮ್ಮಂಥ ದೂರದ ದ್ವೀಪಗಳಲ್ಲಿ ಬಿಡುತ್ತಿದ್ದರು. ನಮ್ಮಲ್ಲಿ ಆರು ಜನ ಇದ್ದರು. ವರ್ಷಕ್ಕೊಮ್ಮೆ ಸರ್ಕಾರದ ಹಾಯಿದೋಣಿ ಅವರ ಯೋಗಕ್ಷೇಮ ನೋಡಲು ಬರುತ್ತಿತ್ತು. ಬಿಳಿ ಹಾಯಿ ದಿಗಂತದಲ್ಲಿ ಕಂಡರೆ ದಡ ಮುಟ್ಟಲು ಮೂರು ಗಂಟೆ ಬೇಕು. ಮೂರು ಗಂಟೆಯಲ್ಲಿ ಏನೇನು ಮಾಡಬಹುದು ಗೊತ್ತೆ? ಕಟ್ಟಿದ ಹಗ್ಗ ಬಿಚ್ಚಬಹುದು, ಮೀಯಿಸಬಹುದು, ಹೊಸ ಪಂಚೆ ಉಡಿಸಬಹುದು, ನಿಲ್ಲಲಾರದವನನ್ನು ತೋಟದ ಹಿಂದೆ ಮಲಗಿಸಬಹುದು. ದ್ವೀಪದ ಮುಖ್ಯಸ್ಥರಿಗೆ ಬರವಣಿಗೆ ಬಾರದು. ಅವರ ಪರವಾಗಿ ವರದಿ ಬರೆದವನು ನಾನು. ಆರೂ ಜನ ಕ್ಷೇಮ ಎಂದು, ಇಡೀ ಹವಳವರ್ತುಲದಲ್ಲೇ ಅತ್ಯಂತ ಅಂದವಾದ ಅಕ್ಷರದಲ್ಲಿ ಬರೆದೆ. ದೋಣಿಯವರು ಹೊಗಳಿದರು.

ಈಗ ನಿನ್ನೆಯ ಮಾತು. ಸಂಜೆ ಬಂದರಿನ ಜೋಲಿಕುರ್ಚಿಗಳಲ್ಲಿ ಕೂತಿದ್ದಾಗ ನಮ್ಮೂರ ಮೀನುದೋಣಿಯ ಯಜಮಾನ ಕುದ್ದೂಬೇ ಎಲೆಯಡಿಕೆ ಜಗಿಯುತ್ತ ಹೇಳಿದ:

“ಸರ್, ಥುಂಡಿಹುರಾ ಆಚೆ ಮರಳದಿಣ್ಣೆ ಇದ್ಯಲ್ಲ, ಅದರ ಮೇಲೆ ಹನ್ನೊಂದು ಜನ ಸಾಲಾಗಿ ಕೂತಿದ್ರು. ಗಾಳ ಇಲ್ಲ, ಬಲೆ ಇಲ್ಲ, ತಲೆ ಮೇಲೆ ಟೋಪಿ ಇಲ್ಲ. ಒಬ್ಬ ಮಾತ್ರ ಕೋಲು ಹಿಡ್ಕೊಂಡು ನಿಂತಿದ್ದ. ನಾನು ಕೈ ಬೀಸ್ದೆ. ಯಾರೂ ಬೀಸ್ಲಿಲ್ಲ.”

“ಕೈದಿಗಳಿರ್ಬೇಕು ಮಾವ. ಸಮುದ್ರ ತೋರ್ಸೋಕೆ ಕರ್ಕೊಂಡ್ ಬಂದಿರ್ತಾರೆ,” ಎಂದ ಅವನ ಅಳಿಯ.

“ಹೌದಪ್ಪ. ದ್ವೀಪದಲ್ಲಿ ಇರೋರಿಗೆ ಪಾಪ ಸಮುದ್ರ ಎಲ್ಲಿ ಕಾಣುತ್ತೆ.”

ಎಲ್ಲರೂ ನಕ್ಕರು. ನಾನು ಅದು ಯಾವ ದಿನ ಎಂದು ಕೇಳಿದೆ. ಕುದ್ದೂಬೇಗೆ ದಿನಾಂಕಗಳು ನೆನಪಿರುವುದಿಲ್ಲ, ಆದರೆ ಆ ದಿನ ಅವನು ಮನೆಗೆ ಬಂದಾಗ ಮೊಮ್ಮಗಳು ಹುಟ್ಟಿದ್ದಳು. ಕಳೆದ ನವೆಂಬರ್ ನಾಲ್ಕು. ನಿಮ್ಮ ವರದಿಯ ಹತ್ತೊಂಬತ್ತನೆಯ ಭೇಟಿಯೂ ನವೆಂಬರ್ ನಾಲ್ಕು.

ಆ ದಿನ ಸೆರೆಮನೆಯ ಪಟ್ಟಿಯಲ್ಲಿ ಎಷ್ಟು ಹೆಸರಿದ್ದವು? ನೀವು ಎಷ್ಟು ಮುಖ ಕಂಡಿರಿ?

ಝುಹೈರ್ ಮಾನಿಕು


ಮಾಲೆ
3 ಏಪ್ರಿಲ್ 2014

ಶ್ರೀ ಝುಹೈರ್ ಮಾನಿಕು ಅವರಿಗೆ,

ತಮ್ಮ ಪತ್ರ ಆವಕ ಸಂಖ್ಯೆ 163ರಲ್ಲಿ ದಾಖಲಾಗಿದೆ. ನಿಗದಿತ ನಮೂನೆಯಲ್ಲಿ, ದ್ವೀಪದ ಹೆಸರು ನಮೂದಿಸಿ, ಏಳು ದಿನ ಮೊದಲು ದೋಣಿಗೆ ಕೋರಿಕೆ ಸಲ್ಲಿಸಲಾಗುತ್ತದೆ. ಉಳಿದ ವಿಷಯಗಳು ಸಮಿತಿಯ ಗೋಪ್ಯ ದಾಖಲೆಗಳಿಗೆ ಸಂಬಂಧಿಸಿವೆ.

ಲುಬ್ನಾ ಸಯೀದ್
ಕಾರ್ಯದರ್ಶಿ

(ಕೆಳಗೆ ಪೆನ್ಸಿಲಿನಲ್ಲಿ) ಪಟ್ಟಿಯಲ್ಲಿ 143. ಕಂಡದ್ದು 132. ಉಳಿದವರು ಆಸ್ಪತ್ರೆಯಲ್ಲಿದ್ದಾರೆ ಎಂದಿದ್ದರು.


ಹುವಂದುಮಾಗೆ, ಫನದೂ
15 ಏಪ್ರಿಲ್ 2014

ಕಾರ್ಯದರ್ಶಿಯವರಿಗೆ,

ನಿಮ್ಮ ಟೈಪು ಮಾಡಿದ ಐದು ಸಾಲುಗಳಿಗಿಂತ ಪೆನ್ಸಿಲಿನ ಒಂದು ಸಾಲಿಗೆ ನಾನು ಋಣಿ.

ಆ ಸುತ್ತಿನಲ್ಲಿ ಇರುವುದು ಒಂದೇ ಆಸ್ಪತ್ರೆ. ಅಲ್ಲಿ ನನ್ನ ತಂಗಿಯ ಮಗಳು ನರ್ಸು. ನವೆಂಬರ್ ನಾಲ್ಕರಂದು ಅಲ್ಲಿ ಒಬ್ಬ ಕೈದಿಯೂ ಇರಲಿಲ್ಲ. ಒಂದು ಹೆರಿಗೆ, ಎರಡು ಜ್ವರ, ತೆಂಗಿನ ಮರದಿಂದ ಬಿದ್ದ ಒಬ್ಬ ಮುದುಕ. ಇಷ್ಟೇ.

ಹಾಗಾದರೆ ನೀವು ಏಳು ದಿನ ಮೊದಲು ಫಾರಂ ತುಂಬಿ ಕೊಟ್ಟದ್ದು ಏತಕ್ಕೆ? ಯಾರ ಮೈಮೇಲೆ ಗುರುತುಗಳಿವೆಯೋ ಅವರನ್ನು ಆರಿಸಿ ಎತ್ತಿಡಲು ಬೇಕಾದ ವ್ಯವಧಾನ ಅದು. 1970ರಲ್ಲಿ ಮೂರು ಗಂಟೆ ಇತ್ತು. ಒಡಂಬಡಿಕೆ, ಸಮಿತಿ, ಕಾನೂನು ಎಲ್ಲ ಬಂದ ಮೇಲೆ ಏಳು ದಿನ ಆಗಿದೆ. ಜಿನೀವಾದವರು ಈ ದೇಶ ಕಾಗದದ ಮೇಲೆ ಎಷ್ಟು ಚೆನ್ನಾಗಿ ನಡೆದುಕೊಳ್ಳುತ್ತಿದೆ ಎಂದು ಮೆಚ್ಚಿರಬೇಕು. ಬಾಗಿಲು ತಟ್ಟುವ ಅಧಿಕಾರ ನಿಮಗೆ, ಬಾಗಿಲವರೆಗೆ ಕರೆದೊಯ್ಯುವ ಅಧಿಕಾರ ಬಾಗಿಲು ಕಾಯುವವನಿಗೆ. ಈ ಏರ್ಪಾಟು ಮಾಡಿದವನು ದಡ್ಡನಲ್ಲ.

ನೀವು ಊಟಕ್ಕೆ ಕೂತಾಗ, ಬಲಗೈಯ ಮೂರು ಬೆರಳು ಮಡಚಲಾರದ ಒಬ್ಬ ಆ ಮರಳಿನ ಮೇಲೆ ಬರಿದಲೆಯಲ್ಲಿ ಆರು ಗಂಟೆ ಕೂತಿದ್ದ. ಇಷ್ಟು ನೆನಪಿಟ್ಟುಕೊಳ್ಳಿ.

ಝುಹೈರ್ ಮಾನಿಕು


ಮಾಲೆ, ಮನೆಯಿಂದ
2 ಮೇ 2014

ಝುಹೈರ್ ಸರ್,

ಇದನ್ನು ಕಚೇರಿಯ ಅಂಚೆಯಲ್ಲಿ ಹಾಕುತ್ತಿಲ್ಲ. ನಿಮ್ಮ ಕಡೆಗೆ ಬರುವ ಫೆರಿಯ ಟಿಕೆಟಿನವನ ಕೈಯಲ್ಲಿ ಕೊಡುತ್ತಿದ್ದೇನೆ. ಇದಕ್ಕೆ ಆವಕ ಸಂಖ್ಯೆ ಇಲ್ಲ.

ನವೆಂಬರ್ ನಾಲ್ಕರಂದು ಹೋದವರಲ್ಲಿ ನಾನೂ ಇದ್ದೆ. ಇಲಾಖೆಯ ದೋಣಿಯಲ್ಲಿ ಮೆತ್ತನೆಯ ಕುರ್ಚಿಗಳಿವೆ, ತಣ್ಣನೆಯ ಗಾಳಿ ಬೀಸುವ ಯಂತ್ರವಿದೆ. ಊಟಕ್ಕೆ ಅನ್ನ, ಗರುಧಿಯಾ ಸಾರು, ಹುರಿದ ಮೀನು, ಕಲ್ಲಂಗಡಿ ಪಾನಕ. ಕೈದಿಗಳು ಒಗೆದ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಏನಾದರೂ ತೊಂದರೆ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಅವರು ಮಾತಾಡುವಾಗ ನನ್ನ ಮುಖ ನೋಡಲಿಲ್ಲ, ಜೆಟ್ಟಿಗೆ ಕಟ್ಟಿದ್ದ ದೋಣಿಯನ್ನು ನೋಡುತ್ತಿದ್ದರು. ಆಗ ನನಗೆ ಅರ್ಥವಾಗಲಿಲ್ಲ. ತೃಪ್ತಿಕರ ಎಂದು ಬರೆದು ಸಹಿ ಹಾಕಿದವಳು ನಾನು. ನಿಮ್ಮ 1970ರ ಕಥೆ ಓದಿದ ದಿನ ಊಟ ಸೇರಲಿಲ್ಲ.

ಸ್ವಂತ ದೋಣಿ ಬೇಕೆಂದು ನಾಲ್ಕು ಸಲ ಬರೆದಿದ್ದೇನೆ. “ನಿಯಮ ಒಂಬತ್ತು ಇದ್ಯಲ್ಲಮ್ಮ, ಕೊಡ್ತಿರೋ ದೋಣಿ ಚೆನ್ನಾಗಿಲ್ವಾ?” ಎಂದು ಪ್ರತಿ ಸಲವೂ ನಗುತ್ತಲೇ ವಾಪಸು ಕಳಿಸಿದ್ದಾರೆ.

ಇನ್ನೊಂದು ವಿಷಯ. ಆಸ್ಪತ್ರೆಯಲ್ಲಿದ್ದಾರೆ ಎಂದ ಹನ್ನೊಂದು ಜನರ ಹೆಸರು ತರಿಸಿದೆ. ನಮ್ಮ ದೇಶದಲ್ಲಿ ಹೆಸರಿನ ಜೊತೆ ಮನೆಯ ಹೆಸರಿಲ್ಲದೆ ಯಾವ ಪಟ್ಟಿಯೂ ಆಗುವುದಿಲ್ಲ. ಏಳನೆಯವನು ನಾಇಫ್, ವಯಸ್ಸು ಮೂವತ್ತೊಂದು. ಮನೆ: ಹುವಂದುಮಾಗೆ, ಫನದೂ.

ಸರ್, ನಿಮ್ಮ ಮೂರೂ ಪತ್ರಗಳ ತಲೆಯ ಮೇಲೆ ಅದೇ ಮನೆಯ ಹೆಸರಿದೆ.

ಲುಬ್ನಾ


ಹುವಂದುಮಾಗೆ
11 ಮೇ 2014

ಲುಬ್ನಾ,

ಅರವತ್ತು ವರ್ಷ ವಿಳಾಸ ಬರೆದು ಬರೆದು ಕೈ ತನ್ನಷ್ಟಕ್ಕೆ ಬರೆದುಬಿಟ್ಟಿದೆ. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು.

ಅವನು ನನ್ನ ಮಗ. ಬಂದರಿನ ಜಗಳದಲ್ಲಿ ಒಬ್ಬನ ತಲೆ ಒಡೆದ. ತಪ್ಪು ಮಾಡಿದ. ನ್ಯಾಯಾಧೀಶರು ನಾಲ್ಕು ವರ್ಷ ಎಂದರು, ನಾನು ತಲೆಬಾಗಿದೆ. ಕೈ ಮುರಿಯಿರಿ ಎಂದು ಅವರ ತೀರ್ಪಿನಲ್ಲಿ ಇರಲಿಲ್ಲ. ಅಕ್ಟೋಬರ್‌ನಿಂದ ನನಗೆ ಅವನ ಭೇಟಿ ಕೊಟ್ಟಿಲ್ಲ. ಕೇಳಿದರೆ ಹವಾಮಾನ ಎನ್ನುತ್ತಾರೆ. ಜನವರಿಯಲ್ಲಿ ಬಿಡುಗಡೆಯಾದವನೊಬ್ಬ ಕೈಯ ವಿಷಯ ಹೇಳಿದ. ಬಾಗಿಲಿನ ಚಿಲಕದಿಂದ ಹೊಡೆದರಂತೆ. ಮೂಳೆ ಕೂಡಿಸಿಲ್ಲ, ಬಟ್ಟೆ ಸುತ್ತಿಕೊಂಡಿದ್ದಾನೆ. ನಾಇಫ್ ದೋಣಿಗಳಿಗೆ ಹೆಸರು ಬರೆಯುವವನು. ನಮ್ಮ ಬಂದರಿನ ಅರ್ಧ ದೋಣಿಗಳ ಮೂತಿಯ ಮೇಲೆ ಇರುವುದು ಅವನ ಅಕ್ಷರ. ಅಕ್ಷರ ನನ್ನಿಂದ ಬಂದದ್ದು, ಆದರೆ ಅವನು ಅದರಲ್ಲಿ ಸುಳ್ಳು ಬರೆದಿಲ್ಲ.

ಕುದ್ದೂಬೇ ದೂರದಿಂದ ಮುಖ ಕಾಣಲಿಲ್ಲ ಎಂದ. ಕಂಡಿತ್ತು ಎಂದು ನನಗೆ ಗೊತ್ತು. ಕಾಣಲಿಲ್ಲ ಎಂದವನ ಹೆಂಡತಿ ಮರುದಿನ ನಮ್ಮ ಮನೆಗೆ ಯಾಕೆ ಸುಮ್ಮನೆ ಬೋಕಿಬಾ ತಿಂಡಿ ಮಾಡಿ ಕಳಿಸುತ್ತಾಳೆ?

ತಂದೆಯ ಪತ್ರ ಬಂದರೆ ‘ಕುಟುಂಬದವರ ದೂರು’ ಎಂಬ ಕಡತಕ್ಕೆ ಹೋಗುತ್ತದೆ. ಪ್ರಜೆಯ ಪತ್ರವನ್ನು ಒಬ್ಬರಾದರೂ ಓದುತ್ತಾರೆ ಅಂದುಕೊಂಡೆ. ನೀವು ಓದಿದ್ದೀರಿ. ಆದರೆ ಆ ಊಟ ನೀವು ಮಾಡಿದ್ದನ್ನು ನಾನು ಮರೆಯಲಾರೆ, ಈ ಮುದುಕನನ್ನು ಕ್ಷಮಿಸಿ.

ಝುಹೈರ್


ಹುವಂದುಮಾಗೆ
20 ಜೂನ್ 2014

ಲುಬ್ನಾ,

ನಲವತ್ತು ದಿನ ಆಯಿತು. ನೈಋತ್ಯದ ಗಾಳಿ ಎದ್ದಿದೆ, ಫೆರಿ ತಡವಾಗುತ್ತದೆ ಎಂದು ಮೊದಲ ಇಪ್ಪತ್ತು ದಿನ ಸಮಾಧಾನ ಹೇಳಿಕೊಂಡೆ. ಫೆರಿ ಒಂಬತ್ತು ಸಲ ಬಂದು ಹೋಯಿತು. ನಿಮಗೆ ಕೆಲಸದ ಭಯವಿರಬಹುದು. ಹೆದರಿದವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಒಮ್ಮೆ ಹೆದರಿ ಅಂದವಾದ ಅಕ್ಷರದಲ್ಲಿ ಬರೆದಿದ್ದೆ. ನನ್ನ ಪತ್ರಗಳನ್ನು ಹಿಂದಿರುಗಿಸಿಬಿಡಿ.

ಝುಹೈರ್


ಮಾಲೆ
26 ಜೂನ್ 2014

ಸರ್,

ಹೆದರಿ ಸುಮ್ಮನಿರಲಿಲ್ಲ. ಏಳು ವರ್ಷಗಳ ಎಣಿಕೆ ತೆಗೆಯುತ್ತಿದ್ದೆ. ಪ್ರತಿ ಭೇಟಿಯ ಪಟ್ಟಿ, ಕಂಡ ಮುಖಗಳು, ಆಸ್ಪತ್ರೆಯ ಹೆಸರಿನಲ್ಲಿ ಮಾಯವಾದವರು. ಹತ್ತೊಂಬತ್ತು ಭೇಟಿಗಳಲ್ಲಿ ನೂರಾ ಎಪ್ಪತ್ತು ಸಲ ಮನುಷ್ಯರು ಮಾಯವಾಗಿದ್ದಾರೆ. ನಮ್ಮ ದೋಣಿ ತಿರುಗಿದ ಕೂಡಲೇ ಪಟ್ಟಿಗೆ ವಾಪಸು ಬಂದಿದ್ದಾರೆ.

ಆದರೆ ಹೋಗುವುದು ಹೇಗೆ? ಸಮಿತಿಯ ಹಿರಿಯರು ನಿವೃತ್ತ ನ್ಯಾಯಾಧೀಶ ಅಫೀಫ್ ದೀದಿ. ಒಳ್ಳೆಯವರು. “ಮಗೂ, ನಿಯಮ ಮುರಿದು ಹೋದ್ರೆ ನಮ್ಮ ವರದೀನೂ ಮುರಿದು ಬೀಳುತ್ತೆ,” ಎನ್ನುತ್ತಾರೆ. ಅದೂ ನಿಜ. ನಿಯಮದ ಪ್ರತಿ ಇದರೊಂದಿಗೆ ಇಟ್ಟಿದ್ದೇನೆ. ನೀವೇ ನೋಡಿ.

ಪತ್ರಗಳನ್ನು ಹಿಂದಿರುಗಿಸುವುದಿಲ್ಲ.

ಲುಬ್ನಾ


ಹುವಂದುಮಾಗೆ
9 ಜುಲೈ 2014

ಲುಬ್ನಾ,

ಮೊದಲು ಕ್ಷಮೆ ಕೇಳುತ್ತೇನೆ. ಆಮೇಲೆ ಪಾಠ ಮಾಡುತ್ತೇನೆ. ಉಪವಾಸದ ತಿಂಗಳು, ಹೊಟ್ಟೆ ಖಾಲಿ, ತಲೆ ಚುರುಕಾಗಿದೆ.

ನೀವು ಕಳಿಸಿದ ನಿಯಮಗಳನ್ನು ಕನ್ನಡಕ ಒರೆಸಿಕೊಂಡು ಓದಿದೆ. ನಿಯಮ 8: “ಸಮಿತಿಯು ಯಾವುದೇ ಸಮಯದಲ್ಲಿ, ಮುನ್ಸೂಚನೆಯಿಲ್ಲದೆ, ಯಾವುದೇ ಸೆರೆಮನೆಗೆ ಭೇಟಿ ನೀಡಬಹುದು.” ನಿಯಮ 9: “ಸಮಿತಿಯ ಭೇಟಿಗೆ ಬೇಕಾದ ದೋಣಿಯನ್ನು ಇಲಾಖೆಯು ಒದಗಿಸತಕ್ಕದ್ದು.”

ನನ್ನ ಐದನೆಯ ತರಗತಿಯ ಪ್ರಶ್ನೆ. ಎರಡನೆಯ ವಾಕ್ಯದಲ್ಲಿ ಕರ್ತೃ ಯಾರು?

ಇಲಾಖೆ. ‘ತಕ್ಕದ್ದು’ ಎಂಬ ಕಟ್ಟಳೆ ಬಿದ್ದಿರುವುದು ಯಾರ ಮೇಲೆ? ಇಲಾಖೆಯ ಮೇಲೆ. ಸಮಿತಿ ಆ ದೋಣಿಯಲ್ಲೇ ಹೋಗತಕ್ಕದ್ದು ಎಂದು ಎಲ್ಲಿದೆ? ಎಲ್ಲೂ ಇಲ್ಲ. ಸರ್ಕಾರ ಮಕ್ಕಳಿಗೆ ಪುಸ್ತಕ ಒದಗಿಸತಕ್ಕದ್ದು ಎಂದರೆ ಅಪ್ಪ ತಂದುಕೊಟ್ಟ ಪುಸ್ತಕ ಓದಿದ ಮಗು ಅಪರಾಧಿಯೆ? ಆ ನಿಯಮ ಬರೆದವರು ನಿಮಗೆ ದೋಣಿಯ ಕೊರತೆ ಆಗಬಾರದೆಂದು ಇಲಾಖೆಯ ಕೊರಳಿಗೆ ಒಂದು ಹೊಣೆ ಕಟ್ಟಿದರು. ಇಲಾಖೆಯವರು ಅದನ್ನು ಬಿಚ್ಚಿ ನಿಮ್ಮ ಕೊರಳಿಗೆ ಕಟ್ಟಿದರು. ಏಳು ವರ್ಷ ನೀವು ಕತ್ತು ಒಡ್ಡಿಕೊಂಡು ಕೂತಿರಿ. ಏಳು ದಿನದ ಫಾರಂ? ಅದು ನಿಯಮದಲ್ಲಿ ಇಲ್ಲವೇ ಇಲ್ಲ. ಯಾವನೋ ಗುಮಾಸ್ತ ಅಚ್ಚು ಹಾಕಿಸಿದ್ದು.

ಮೂವತ್ತೆಂಟು ವರ್ಷ ಮಕ್ಕಳು ವ್ಯಾಕರಣ ಕಲಿತು ಏನು ಪ್ರಯೋಜನ ಸರ್ ಎಂದು ಕೇಳುತ್ತಿದ್ದರು. ಇವತ್ತು ಎಲ್ಲರನ್ನೂ ಕರೆದು ಹೇಳಬೇಕು ಅನ್ನಿಸುತ್ತಿದೆ.

ಕುದ್ದೂಬೇ ಎರೆಮೀನಿಗಾಗಿ ದಿನಾ ಬೆಳಿಗ್ಗೆ ಥುಂಡಿಹುರಾದ ಹವಳದಿಬ್ಬದ ಪಕ್ಕ ಹಾಯುತ್ತಾನೆ. ಮೀನುದೋಣಿಯನ್ನು ಅಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅವನಿಗೆ ವಿಷಯ ಹೇಳಿದೆ. “ನ್ಯಾಯಾಧೀಶರಿಗೆ ಮೀನಿನ ವಾಸನೆ ಆಗುತ್ತಾ ಕೇಳಿ ಸರ್. ಅದೊಂದೇ ನನ್ನ ಚಿಂತೆ,” ಎಂದ.

ನಾನೂ ಬರುತ್ತೇನೆ.

ಝುಹೈರ್


ಮಾಲೆ
24 ಜುಲೈ 2014

ಸರ್,

ನಿಮ್ಮ ಪತ್ರವನ್ನು ಸಮಿತಿಯ ಮುಂದೆ ಓದಿದೆ. ಅಫೀಫ್ ದೀದಿಯವರು ನಿಯಮ 9ನ್ನು ಮೂರು ಸಲ ಓದಿಸಿದರು. “ಮೂವತ್ತು ವರ್ಷ ತೀರ್ಪು ಬರೆದೋನು ನಾನು. ಈ ಮೇಷ್ಟ್ರು ಯಾರಮ್ಮ?” ಎಂದರು. ಯಾರೆಂದು ಹೇಳಿದೆ. ಎಲ್ಲವನ್ನೂ ಹೇಳಿದೆ, ಮನೆಯ ಹೆಸರಿನ ಸಮೇತ. ಮುಚ್ಚಿಟ್ಟರೆ ಮುಂದೆ ಅದೇ ನಮಗೆ ಮುಳ್ಳಾಗುತ್ತದೆ.

ಅದಕ್ಕೇ ನೀವು ಬರಕೂಡದು. ನೀವು ದೋಣಿಯಲ್ಲಿದ್ದರೆ ಅದು ಮಗನನ್ನು ನೋಡಲು ಹೊರಟ ತಂದೆಯ ಪ್ರಯಾಣ. ನೀವಿಲ್ಲದಿದ್ದರೆ ಅದು ಒಂದು ದೇಶ ತಾನು ಕೊಟ್ಟ ಮಾತನ್ನು ನಡೆಸುವುದು. ನಾವು ನಿಮ್ಮ ದ್ವೀಪದ ಮೇಲೆಯೇ ಹೋಗುತ್ತೇವೆ, ನಿಮ್ಮ ಮನೆಗೆ ಬರುವುದಿಲ್ಲ. ನೀವು ಜೆಟ್ಟಿಗೆ ಬರಬೇಡಿ. ಇದನ್ನು ಬರೆಯುವಾಗ ನನಗೆ ಎಷ್ಟು ಕಷ್ಟವಾಯಿತು ಎಂದು ನಿಮಗೆ ಗೊತ್ತಾಗುತ್ತದೆ.

ಯಾವ ದಿನ ಎಂದು ಬರೆಯುವುದಿಲ್ಲ.

ಲುಬ್ನಾ


ಮಾಲೆ
21 ಆಗಸ್ಟ್ 2014

ಸರ್,

ವಿವರವಾಗಿ ಬರೆಯುತ್ತೇನೆ, ನೀವು ಒಂದೊಂದು ಪದವನ್ನೂ ಕೇಳುತ್ತೀರಿ ಎಂದು ಗೊತ್ತು.

ಮೊದಲು ಮಗ. ನಾಇಫ್ ಈಗ ಮಾಲೆಯ ಆಸ್ಪತ್ರೆಯಲ್ಲಿದ್ದಾರೆ. ಕೈಯ ಶಸ್ತ್ರಚಿಕಿತ್ಸೆ ನಿನ್ನೆ ಆಯಿತು. ಕೈ ಉಳಿಯುತ್ತದೆ. ನೀವು ಬಂದು ನೋಡಬಹುದು, ಅಪ್ಪಣೆಯ ಚೀಟಿ ಇದರೊಂದಿಗೆ ಇದೆ.

ಮಂಗಳವಾರ ಬೆಳಿಗ್ಗೆ ನಾವು ಮೂವರು ಹೊರಟೆವು. ಅಫೀಫ್ ದೀದಿ, ಒಬ್ಬ ಡಾಕ್ಟರು, ನಾನು. ನಿಮ್ಮ ಬಂದರಿನ ಜೋಲಿಕುರ್ಚಿಯಲ್ಲಿ ಬಿಳಿಗಡ್ಡದವರೊಬ್ಬರು ಪತ್ರಿಕೆ ಓದುತ್ತ ಕೂತಿದ್ದರು. ಒಮ್ಮೆಯೂ ತಲೆಯೆತ್ತಲಿಲ್ಲ. ಪತ್ರಿಕೆ ತಲೆಕೆಳಗಾಗಿತ್ತು, ಸರ್.

ಅಲೆ ಜೋರಿತ್ತು. ಅಫೀಫ್ ದೀದಿಯವರು ದಾರಿಯುದ್ದಕ್ಕೂ ವಾಂತಿ ಮಾಡಿದರು. ಥುಂಡಿಹುರಾದ ಜೆಟ್ಟಿ ಹತ್ತಿರವಾದಾಗ ಕಾವಲಿನವನು ಕೂಗಿದ:

“ಏ, ಇಲ್ಲಿ ಎರೆ ಹಿಡಿಯಂಗಿಲ್ಲ, ಗೊತ್ತಿಲ್ವಾ? ಆಚೆ ಹೋಗು.”

“ಎರೆ ಅಲ್ಲಪ್ಪ,” ಎಂದರು ಕುದ್ದೂಬೇ. “ನ್ಯಾಯಾಧೀಶರನ್ನ ತಂದಿದ್ದೀನಿ. ಸ್ವಲ್ಪ ವಾಂತಿ ಮಾಡ್ಕೊಂಡಿದ್ದಾರೆ. ಎಲ್ಲಿ ಇಳಿಸ್ಲಿ?”

ಮೇಲ್ವಿಚಾರಕ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದ. “ಮೇಡಂ, ಇವತ್ತು ನಿಮ್ಮ ಭೇಟಿ ಇಲ್ವಲ್ಲ. ಫಾರಂ ಬಂದಿಲ್ಲ.”

ಅಫೀಫ್ ದೀದಿಯವರು ಬಾಯಿ ಒರೆಸಿಕೊಂಡು ಮೆಟ್ಟಿಲು ಹತ್ತಿದರು. “ನಾವೇ ಬಂದಿದ್ದೀವಲ್ಲಯ್ಯ. ಫಾರಂ ಏನು ನೋಡ್ತೀಯ, ನಮ್ಮನ್ನೇ ನೋಡು.”

“ದೋಣಿ ನಾವು ಕೊಡ್ಬೇಕು ಸರ್. ನಿಯಮ ಒಂಬತ್ತು.”

“ಕೊಡ್ಬೇಕು. ನಾವು ಕೇಳಿದಾಗ ನೀವು ಕೊಡ್ಲೇಬೇಕು. ಇವತ್ತು ನಾವು ಕೇಳಿಲ್ಲ. ಕರ್ತೃ ಯಾರು ಅಂತ ಆಮೇಲೆ ಕೂತು ಓದ್ಕೋ. ಈಗ ಬಾಗಿಲು ತೆಗಿ.”

ಪಟ್ಟಿಯಲ್ಲಿ 151 ಹೆಸರು. ಕಂಡದ್ದು 151 ಮುಖ. ಆ ದಿನ ಯಾರೂ ಆಸ್ಪತ್ರೆಯಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಇರಬೇಕಾದವರು ಹದಿನೇಳು ಜನ ಅಲ್ಲೇ ಇದ್ದರು. ಒಗೆದ ಅಂಗಿ ಇರಲಿಲ್ಲ, ಕಲ್ಲಂಗಡಿ ಪಾನಕವೂ ಇರಲಿಲ್ಲ. ಮಧ್ಯಾಹ್ನ ನಾವು ಕೈದಿಗಳ ಅನ್ನವನ್ನೇ ಕೇಳಿ ತಿಂದೆವು. ಅದರ ಒಂದು ತುತ್ತನ್ನು ಡಾಕ್ಟರು ಡಬ್ಬಿಯಲ್ಲಿ ಹಾಕಿ ಮೊಹರು ಮಾಡಿದರು.

ಹಿಂದಿನ ತಗಡಿನ ಕೊಠಡಿಯಲ್ಲಿ ಏಳು ಜನ. ಯಾರೂ ಬಾಯಿ ಬಿಡಲಿಲ್ಲ. ಹೆದರಿ ಗೋಡೆ ನೋಡುತ್ತಿದ್ದರು. ಒಬ್ಬರು ಮಾತ್ರ ತಗಡಿನ ಬಿರುಕಿನಲ್ಲಿ ಕಣ್ಣಿಟ್ಟು ಜೆಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ ತಿರುಗಿ ನನ್ನನ್ನು ಕೇಳಿದರು:

“ನೀವು ಅದ್ರಲ್ಲಿ ಬಂದ್ರಾ?”

“ಹೌದು.”

“ಅದು ಕುದ್ದೂಬೇ ದೋಣಿ. ಹೆಸರು ಬರ್ದಿದ್ದು ನಾನು. ಕೊನೇ ಅಕ್ಷರದ ಬಾಲ ಹಂಗೆ ಇನ್ಯಾರೂ ಎಳೆಯಲ್ಲ.” ಬಿರುಕಿನಿಂದ ಈಚೆ ಬಂದರು. “ಹೋದ ಸಲಾನೂ ಒಬ್ರು ಮೇಡಂ ಬಂದಿದ್ರಂತೆ, ಇಲಾಖೆಯವ್ರ ದೋಣೀಲಿ. ಅವ್ರ ದೋಣೀಲಿ ಬಂದೋರಿಗೆ ಹೇಳಿದ್ರೆ, ಅವ್ರು ಹೋದ್ಮೇಲೆ ಇಲ್ಲೇ ಇದ್ದು ಏಟು ತಿನ್ನೋರು ನಾವು. ನಮ್ಮ ದೋಣೀಲಿ ಬಂದಿದ್ದೀರ. ಬರ್ಕೊಳ್ಳಿ, ಹೇಳ್ತೀನಿ.”

ಹೋದ ಸಲದ ಮೇಡಂ ನಾನೇ ಎಂದು ಅವರಿಗೆ ಹೇಳಿದೆ. ಅವರು ನನ್ನನ್ನು ನೋಡಿ, “ಈಗ ಬಂದಿದ್ದೀರಲ್ಲ,” ಎಂದರು. ಆಮೇಲೆ ಎರಡು ಗಂಟೆ ಮಾತಾಡಿದರು. ಅವರು ಮುಗಿಸುವ ಹೊತ್ತಿಗೆ ಉಳಿದ ಆರು ಜನ ಸರದಿಯಲ್ಲಿ ನಿಂತಿದ್ದರು.

ಹದಿನೇಳು ಜನರನ್ನೂ ಆ ದಿನವೇ ಹೊರಗೆ ತಂದೆವು. ಇಲಾಖೆಯ ದೋಣಿಯನ್ನು ಆಗ ಕೇಳಿದೆವು. ಒದಗಿಸತಕ್ಕದ್ದು ಎಂದಿದೆಯಲ್ಲ, ಒದಗಿಸಿದರು. ಮೆತ್ತನೆಯ ಕುರ್ಚಿಗಳಲ್ಲಿ ಅವರು ಕೂತರು. ನಾವು ಮೀನುದೋಣಿಯಲ್ಲಿ ಹಿಂದೆ ಬಂದೆವು.

ಲುಬ್ನಾ


ಹುವಂದುಮಾಗೆ
5 ಸೆಪ್ಟೆಂಬರ್ 2014

ಲುಬ್ನಾ,

ಮಾಲೆಗೆ ಹೋಗಿ ಬಂದೆ. ಅವನು ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ನಾವಿಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಹೆಚ್ಚು ಬರೆಯಲಾರೆ.

ನಾನು ಮೇ ತಿಂಗಳಲ್ಲಿ ಊಟದ ಬಗ್ಗೆ ಬರೆದ ಸಾಲನ್ನು ದಯವಿಟ್ಟು ಪತ್ರದಿಂದ ಹೊಡೆದುಹಾಕಿ.

ಝುಹೈರ್


ಮಾಲೆ
16 ನವೆಂಬರ್ 2014

ಸರ್,

ಆ ಸಾಲನ್ನು ಹೊಡೆದುಹಾಕಿಲ್ಲ. ಅದು ನನಗೆ ಬೇಕು.

ಸುದ್ದಿ ಹೇಳುತ್ತೇನೆ, ಕೂತು ಓದಿ. ಭೇಟಿಯೇ ಕಾನೂನುಬಾಹಿರ ಎಂದು ಇಲಾಖೆ ಎರಡು ತಿಂಗಳು ಬಡಿದಾಡಿತು. ಕೈದಿಯ ತಂದೆಯೇ ಸೂತ್ರಧಾರ ಎಂದರು. ಅಫೀಫ್ ದೀದಿಯವರು ಎದ್ದು ನಿಂತು, “ಹೌದು, ಇದನ್ನ ಕಡತದ ಮೊದಲನೇ ಪುಟದಲ್ಲೇ ನಾವೇ ಬರ್ದಿದ್ದೀವಿ. ನೀವು ಆ ಹದಿನೇಳು ಜನರನ್ನ ಯಾವ ಪುಟದಲ್ಲಿ ಬರ್ದಿದ್ದೀರಿ?” ಎಂದು ಕೇಳಿದರು. ಸರ್ಕಾರದ ಕಾನೂನು ಸಲಹೆಗಾರರು ನಿಯಮವನ್ನು ಓದಿ, ಮೇಷ್ಟರ ಅರ್ಥವೇ ಸರಿ ಎಂದು ಲಿಖಿತವಾಗಿ ಕೊಟ್ಟರು. ಮೇಲ್ವಿಚಾರಕ ಮತ್ತು ನಾಲ್ವರ ಮೇಲೆ ಮೊಕದ್ದಮೆ ಹೂಡಲಾಗಿದೆ. ಏಳು ದಿನದ ಫಾರಂ ರದ್ದಾಗಿದೆ.

ನಿಯಮ 9 ಈಗ ಹೀಗಿದೆ: “ಸಮಿತಿಯು ತಾನು ಆರಿಸಿಕೊಂಡ ಯಾವುದೇ ದೋಣಿಯಲ್ಲಿ ಹೋಗಬಹುದು. ಸಮಿತಿಗೆ ತನ್ನದೇ ದೋಣಿ ಇರತಕ್ಕದ್ದು. ಅದು ಎಲ್ಲಿಗೆ ಹೋಗುತ್ತದೆಂದು ಇಲಾಖೆಯು ಕೇಳತಕ್ಕದ್ದಲ್ಲ.” ಕೊನೆಯ ವಾಕ್ಯದ ಕರ್ತೃವನ್ನು ನಾನೇ ಎರಡು ಸಲ ಪರೀಕ್ಷಿಸಿದ್ದೇನೆ.

ಈ ವರ್ಷ ಜಿನೀವಾಕ್ಕೆ ಹೋದ ವರದಿಯಲ್ಲಿ ಥುಂಡಿಹುರಾದ ಮುಂದೆ ‘ತೃಪ್ತಿಕರ’ ಇಲ್ಲ. 151, ಹದಿನೇಳು, ಮತ್ತು ಆ ನೂರಾ ಎಪ್ಪತ್ತು. ನಿಜವಾದ ಸಂಖ್ಯೆಗಳು, ಸರ್ಕಾರದ ಮೊಹರಿನ ಕೆಳಗೆ.

ದೋಣಿ ಕಟ್ಟಿಸಬೇಕಿದೆ. ನಿಮ್ಮ ದ್ವೀಪದ ಬಡಗಿಗಳು ಚೆನ್ನಾಗಿ ಕಟ್ಟುತ್ತಾರಂತೆ.

ಲುಬ್ನಾ


ಹುವಂದುಮಾಗೆ, ಫನದೂ
22 ಮಾರ್ಚ್ 2015

ಲುಬ್ನಾ,

ದೋಣಿ ನೀರಿಗಿಳಿಯಲು ಸಿದ್ಧವಾಗಿದೆ. ಫೆಬ್ರವರಿಯಲ್ಲಿ ಶಿಕ್ಷೆ ಮುಗಿಸಿ ಬಂದ ನಾಇಫ್ ಮನೆಯಲ್ಲಿ ಎರಡು ದಿನವೂ ಕೂರಲಿಲ್ಲ, ದೋಣಿಕೊಟ್ಟಿಗೆಗೆ ಹೋಗಿ ಉಪ್ಪುಕಾಗದ ತಿಕ್ಕುತ್ತ ನಿಂತ.

ಹೆಸರು ಏನಿಡಬೇಕೆಂದು ಬಂದರಿನಲ್ಲಿ ದೊಡ್ಡ ಚರ್ಚೆಯಾಯಿತು. ನಾನು ‘ಮುನ್ಸೂಚನೆಯಿಲ್ಲದೆ’ ಎಂದೆ. ಕುದ್ದೂಬೇ ತಲೆ ಕೆರೆದುಕೊಂಡ. “ಸರ್, ಇಷ್ಟುದ್ದ ಹೆಸರು ಬರೀಬೇಕಂದ್ರೆ ದೋಣಿ ಇನ್ನೆರಡು ಮೊಳ ಬೆಳೀಬೇಕು.” ಕೊನೆಗೆ ‘ಹೇಳದೆ’ ಎಂದಾಯಿತು.

ನಾಇಫ್ ನಿನ್ನೆ ಹೆಸರು ಬರೆದ, ಬಲಗೈಯಲ್ಲಿ. ಎರಡು ಬೆರಳು ಮಡಚುತ್ತವೆ, ಮೂರನೆಯದು ಇನ್ನೂ ಹಟ ಹಿಡಿದಿದೆ. ಅಷ್ಟು ಸಣ್ಣ ಹೆಸರಿಗೆ ಮೂರು ಗಂಟೆ ತೆಗೆದುಕೊಂಡ. ಕೊನೆಯ ಅಕ್ಷರದ ಬಾಲ ಸ್ವಲ್ಪ ಸೊಟ್ಟಗಾಯಿತು. ಒರೆಸಿ ಮತ್ತೆ ಬರೆಯಲೇ ಎಂದು ಕೇಳಿದ. ಬೇಡ ಎಂದೆ. ಅಂದವಾದ ಅಕ್ಷರವನ್ನು ನಾನು ಸಾಕಷ್ಟು ನೋಡಿದ್ದೇನೆ.

ನೀವು ಸರ್ಕಾರದ ದೋಣಿಗೆ ಬಿಳಿ ಬಣ್ಣ, ದೊಡ್ಡ ಲಾಂಛನ ಎಂದು ಬರೆದಿದ್ದಿರಿ. ಕ್ಷಮಿಸಿ, ಆ ಮಾತು ಮೀರಿದ್ದೇನೆ. ಮೀನುದೋಣಿಯ ಹಾಗೇ ಕಟ್ಟಿಸಿದ್ದೇನೆ, ಅದೇ ನೀಲಿ, ಅದೇ ಉದ್ದ, ಅದೇ ಮೂತಿ. ಎಂಜಿನಿನ ಸದ್ದು ಕೂಡ ಅದೇ ಇರಲಿ ಎಂದು ಕುದ್ದೂಬೇ ತನ್ನ ಎಂಜಿನಿನವನನ್ನೇ ಕರೆಸಿದ. ಹೆಸರನ್ನು ಸಣ್ಣದಾಗಿ ಬರೆಸಿದ್ದೇವೆ. ಅದನ್ನು ಓದುವಷ್ಟು ಹತ್ತಿರ ಬರುವ ಹೊತ್ತಿಗೆ ಹಗ್ಗ ಜೆಟ್ಟಿಗೆ ಬಿದ್ದಿರುತ್ತದೆ.

ಥುಂಡಿಹುರಾದ ಪಕ್ಕ ದಿನಕ್ಕೆ ಮೂವತ್ತು ಮೀನುದೋಣಿಗಳು ಹಾಯುತ್ತವೆ. ಇನ್ನು ಮೇಲೆ ದಿನಕ್ಕೆ ಮೂವತ್ತು ಸಲ ಅವರು ಅಂಗಿ ಒಗೆಸಲಿ, ನೆಟ್ಟಗೆ ಅನ್ನ ಬಡಿಸಲಿ, ಚಿಲಕವನ್ನು ಬಾಗಿಲಿಗೇ ಬಿಡಲಿ.

ಝುಹೈರ್